ಗೆರೆಗೆ ಒಂದು ಗೇಣು

ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಹುತುತು ಆಡುವವರ ನೆನಪಾಗುತ್ತದೆ. ಈಗ ಕಬಡ್ಡಿ ಅನ್ನುತ್ತಾರಲ್ಲ, ಅದೇ ಆಟ. ಇಬ್ಬರದೂ ಉಸಿರಿನ ಕೆಲಸ. ಫೋಟೊದವನು ಹೂಂ ಅನ್ನುವ ತನಕ ಒಬ್ಬ ಉಸಿರು ಬಿಡುವುದಿಲ್ಲ, ನಡುಗೆರೆ ಮುಟ್ಟುವ ತನಕ ಇನ್ನೊಬ್ಬ ಬಿಡುವುದಿಲ್ಲ. ನಾನು ಇವೆರಡನ್ನೂ ಒಂದೇ ರಾತ್ರಿ, ಒಂದೇ ಬಯಲಿನಲ್ಲಿ ಕಂಡವಳು. ನನ್ನ ಓದು ಎರಡು ಪುಸ್ತಕದಷ್ಟು. ಯಂತ್ರದ ವಿಷಯದಲ್ಲಿ ತಪ್ಪು ಹೇಳಿದರೆ ತಿದ್ದಿಕೊಳ್ಳಿ. ಮನುಷ್ಯರ ವಿಷಯದಲ್ಲಿ ತಿದ್ದಲು ಬರಬೇಡಿ.

ನಿಜಾಮರ ದಿನಗಳು ಅವು. ನನ್ನ ತವರು ನಾರ್ವ, ಕೊಟ್ಟದ್ದು ಮಕ್ತಲಿಗೆ. ಎರಡೂ ಕಡೆ ಕುರಿ ಕಾಯುವ ಮಂದಿ, ಬೀರಪ್ಪನ ಒಕ್ಕಲು. ಆ ಬೇಸಿಗೆಯಲ್ಲಿ ನಾರ್ವದ ಹುಡುಗಿಯೊಬ್ಬಳ ಮದುವೆ ಮಕ್ತಲಿನಲ್ಲಿ ನಡೆಯಿತು. ಗದ್ವಾಲದಿಂದ ಎರಡು ರಾತ್ರಿಗೆಂದು ನಾಲ್ಕು ಗ್ಯಾಸ್‌ಬತ್ತಿ ತರಿಸಿದ್ದರು. ಮದುವೆ ಒಂದೇ ರಾತ್ರಿಗೆ ಮುಗಿದುಹೋಯಿತು. ಮಿಕ್ಕ ರಾತ್ರಿಯ ಬೆಳಕನ್ನು ಹಾಗೇ ವಾಪಸು ಕಳಿಸುವುದುಂಟೇ? ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಹುತುತು ಆಡುವುದು, ಗೆದ್ದವರು ಒಂದು ಟಗರು ಹೊಡೆದುಕೊಂಡು ಹೋಗುವುದು ಎಂದು ಗೊತ್ತಾಯಿತು.

ನನಗೆ ಆಗ ಏಳು ತಿಂಗಳು ತುಂಬಿತ್ತು, ಚೊಚ್ಚಿಲ ಬಸಿರು. ಮದುವೆ ನೆಪದಲ್ಲಿ ಬಂಡಿ ಕಟ್ಟಿಕೊಂಡು ಬಂದಿದ್ದ ನನ್ನ ತಮ್ಮ ಮಾಳಪ್ಪ ಮರುದಿನ ಬೆಳಗ್ಗೆ ನನ್ನನ್ನು ಹೆರಿಗೆಗೆ ಕರೆದೊಯ್ಯುವವನಿದ್ದ. ನೆಲದ ಮೇಲೆ ಕೂರಲಾಗದೆ ಅದೇ ಬಂಡಿಯಲ್ಲಿ ಕೂತೆ. ನಡುಗೆರೆಯ ಸುಣ್ಣ ಬಂಡಿಯ ಗಾಲಿಯ ತನಕ ಬಂದಿತ್ತು.

ನಮ್ಮ ಮನೆಯವರು ಒಂದು ಡಬ್ಬಿ ಕ್ಯಾಮೆರಾ ಕೊಂಡಿದ್ದರು, ವರ್ಗವಾಗಿ ಹೋಗುತ್ತಿದ್ದ ಕಚೇರಿ ಗುಮಾಸ್ತನೊಬ್ಬನಿಂದ. ಊರಿನ ಎಮ್ಮೆ, ಬಾವಿ, ನಮ್ಮತ್ತೆ ಎಲ್ಲ ಅದರೊಳಗೆ ಹೋಗಿಬಂದಿದ್ದವು. ಈಗ ತಮ್ಮ ಆಟವೂ ಹೋಗಬೇಕೆಂಬ ಆಸೆ. ಲಂಗೋಟಿ ಬಿಗಿದು ಬಂದು ಕ್ಯಾಮೆರಾವನ್ನು ಬಂಡಿಯ ಹಲಗೆಯ ಮೇಲೆ ಇಟ್ಟರು.

“ನಾ ಗೆರಿ ದಾಟಿದ ಕೂಡ್ಲೆ ಈ ಕಡ್ಡಿ ಎಳಿ. ವಾಪಸ ಬರೂತನ ಬಿಡಬ್ಯಾಡ. ರಾತ್ರಿ ಬೆಳಕು ಕಮ್ಮಿ, ಅದಕ್ಕ ತಡಾ ಬೇಕು.”

“ನೀವು ವಾಪಸ ಬರದಿದ್ರ?”

“ಹಂಗ್ಯಾಕ ಅಂತಿ?” ಅಂದು ಮುಖ ಗಂಟಿಕ್ಕಿದರು.

ಎರಡೂ ಕಡೆ ಸಮಸಮ ಆಗಿ, ಇವರ ಸರದಿಯೇ ಕೊನೆಯದಾಯಿತು. ಕಡ್ಡಿ ಎಳೆದೆ. ಇವರು ಹುತುತುತು ಅನ್ನುತ್ತ ನಾರ್ವದವರೊಳಗೆ ನುಗ್ಗಿ ಒಬ್ಬನ ಬೆನ್ನು ಮುಟ್ಟಿ ತಿರುಗಿದರು. ಮಾಳಪ್ಪ ಹಾರಿ ಕಾಲು ಹಿಡಿದ. ಇವರು ಮಣ್ಣಿನಲ್ಲಿ ತೆವಳುತ್ತ ಕೈ ಚಾಚಿದರು. ಉಸಿರು ನಿಂತಿತು. ಕೈ ಅಷ್ಟಕ್ಕೇ ನಿಂತಿತು. ಕಡ್ಡಿ ಬಿಟ್ಟೆ.

“ಮುಟ್ಟೀನಿ!” ಅಂದರು ಇವರು.

“ಇಲ್ಲ!” ಅಂದ ಮಾಳಪ್ಪ.

ನಮ್ಮಲ್ಲಿ ಇಂಥ ತಂಟೆಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಎಲ್ಲರ ಸೊಂಟದಲ್ಲೂ ಭಂಡಾರದ ಚೀಲ ಇರುತ್ತದೆ. ದೇವರ ಅರಿಶಿನ ಅದು. ಮುಟ್ಟಿ ಹೇಳಿದರೆ ಮಾತು ಮುಗಿಯಿತು. ಮುಟ್ಟಿ ಸುಳ್ಳಾಡಿದವನನ್ನು ನಾನಂತೂ ಕಂಡಿಲ್ಲ. ಮಾಳಪ್ಪ ಚೀಲ ಬಿಚ್ಚಿ ಹಿಡಿದ.

“ಮುಟ್ಟಿ ಹೇಳು ಮಾವಾ. ಟಗರು ನಿಂದ.” ಅಕ್ಕನ ಗಂಡ ನಮ್ಮಲ್ಲಿ ಮಾವ, ಹೆಂಡತಿಯ ತಮ್ಮ ಅಳಿಯ.

ಇವರ ಕೈ ಅರ್ಧ ಬಂದು ಹಿಂದೆ ಹೋಯಿತು. ಇವರು ಸುಳ್ಳುಗಾರರಲ್ಲ. ಕಣ್ಣಲ್ಲಿ ಮಣ್ಣು ಹೊಕ್ಕಿತ್ತು, ಮುಟ್ಟಿದೆನೋ ಇಲ್ಲವೋ ಇವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೊಂದು ಗಂಡಸರ ಬಾಯಿಗೆ ಬರುವುದಿಲ್ಲ. “ಸಣ್ಣ ಮಾತಿಗೆ ದೇವರ್ಯಾಕ? ನಿಮ್ಮಕ್ಕನ ಕೈಯಾಗಿನ ಡಬ್ಬಿ ಎಲ್ಲಾ ನೋಡೈತಿ” ಅಂದುಬಿಟ್ಟರು.

ಊರಿನ ಕಂದಾಯ ನೋಡುವ ಮಾಲಿಪಟೇಲರು ಕುರ್ಚಿಯ ಮೇಲೆ ಕೂತಿದ್ದರು, ಅವರಿಗೆ ಇದು ಬಹಳ ಹಿಡಿಸಿತು. “ಫೋಟೊ ಬರೂತನ ಫೈಸಲಾ ಇಲ್ಲ. ಅಲ್ಲೀತನ ಟಗರು ಮಕ್ತಲದಾಗ ಇರ್ಲಿ.”

“ದೇವರನ್ನ ಬಿಟ್ಟು ಡಬ್ಬಿ ನಂಬೂ ಮನ್ಯಾಗ ನಾ ಕಾಲಿಡಾಂಗಿಲ್ಲ” ಎಂದು ಮಾಳಪ್ಪ ಎತ್ತು ಹೂಡಿದ. ನನ್ನನ್ನು ಕೈಹಿಡಿದು ಬಂಡಿಯಿಂದ ಇಳಿಸಿದ. ಇಳಿಸುವಾಗ ಮುಖ ನೋಡಲಿಲ್ಲ.

ಗೆರೆಯ ಪಕ್ಕದಲ್ಲೇ ಕೂತು ನೋಡಿದವಳು ನಾನು ಆಗಲೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀರಿ. ವರ್ಷದ ಸೊಸೆ, ಹೆದರಿಕೆ. ಬೇರೆ ದೊಡ್ಡ ಕಾರಣ ಹುಡುಕಬೇಡಿ.

ಕ್ಯಾಮೆರಾದೊಳಗಿನ ಸುರುಳಿ ತೊಳೆಯಲು ರಾಯಚೂರಿಗೆ ಹೋಯಿತು. ನನಗೆ ಎಂಟು ತುಂಬುತ್ತ ಬಂತು. ತವರಿನಿಂದ ಬಂಡಿ ಬರಲಿಲ್ಲ. ಬರದೆ ಹೋದರೆ ಅತ್ತೆಯ ಮನೆಯಲ್ಲೇ ಹೆರಬೇಕು, ಚೊಚ್ಚಿಲಿಗೆ ಅವ್ವ ಇಲ್ಲದೆ. ಟಗರು ಮಾತ್ರ ನಮ್ಮ ಹಿತ್ತಲಲ್ಲಿ ನಿಶ್ಚಿಂತೆಯಿಂದ ದಪ್ಪವಾಯಿತು. ಅದಕ್ಕೆ ಮೇವು ಹಾಕುವವಳೂ ನಾನೇ.

ಕೊನೆಗೆ ಫೋಟೊ ಬಂತು. ಪಟೇಲರು ನಾರ್ವಕ್ಕೆ ಹೇಳಿಕಳಿಸಿದರು. ಮಾಳಪ್ಪ ಬಂಡಿಯಲ್ಲೇ ಬಂದ, ಆದರೆ ನಮ್ಮ ಕಟ್ಟೆಯ ಕೆಳಗೇ ನಿಂತ. ಇವರು ಲಕೋಟೆ ಒಡೆದರು. ನಾಲ್ಕು ದೀಪಗಳು ಕುಂಬಳದ ಹೂವಿನಂತೆ ಅರಳಿದ್ದವು. ಸುಣ್ಣದ ಗೆರೆ ಚೊಕ್ಕ. ಗೂಟದಲ್ಲಿ ಟಗರು ಚೊಕ್ಕ. ಕುರ್ಚಿಯಲ್ಲಿ ಪಟೇಲರಂತೂ ಮೀಸೆ ಸಮೇತ. ಅಲುಗಾಡದವರೆಲ್ಲ ಬಂದಿದ್ದರು. ಆಡಿದ ಹದಿನಾಲ್ಕು ಮಂದಿಯಲ್ಲಿ ಒಬ್ಬನೂ ಇರಲಿಲ್ಲ. ಗೆರೆಯ ಆಚೆ ಒಂದಿಷ್ಟು ಹೊಗೆ.

“ನಾ ಛಲೋ ಬಂದೀನಲ್ಲ!” ಅಂದರು ಪಟೇಲರು.

“ಈ ಹೊಗಿ ನಾನ” ಅಂದರು ನಮ್ಮವರು, ಬೆರಳಿಟ್ಟು.

“ಹೊಗಿಗೆ ಕೈ ಎಲ್ಲೈತಿ ಮಾವಾ, ತೋರ್ಸು” ಅಂದ ಮಾಳಪ್ಪ.

ಹೊಗೆ ಗೆರೆ ಮುಟ್ಟಿದೆಯೋ ಇಲ್ಲವೋ ಎಂದು ದೊಡ್ಡ ದೊಡ್ಡ ಪೇಟದವರೆಲ್ಲ ತಲೆಗೆ ತಲೆ ತಾಗಿಸಿ ಬಗ್ಗಿದರು. ನನ್ನ ಸೊಂಟ ಒಡೆಯುತ್ತಿತ್ತು.

“ಗೇಣು ದೂರ ಇತ್ತು” ಅಂದೆ, ಬಾಗಿಲ ಒಳಗಿನಿಂದ.

ಒಡ್ಡೆಪಲ್ಲಿಯ ನಮ್ಮತ್ತೆಗೆ ಸಿಟ್ಟು ಬಂದರೆ ತೆಲುಗೇ ಬರುವುದು. “ನೋರು ಮುಯ್ಯಿ!” ಎಂದು ಬಾಯಿ ಮುಚ್ಚಿಸಲು ನೋಡಿದಳು.

“ಯಾರು ಹೇಳಿದ್ರು?” ಅಂದರು ಇವರು.

“ನಾ ನೋಡೀನ್ರಿ. ಗೆರಿ ನನ್ನ ಕಾಲಾಗ ಇತ್ತು.”

“ಅವತ್ತ ಯಾಕ ಹೇಳ್ಲಿಲ್ಲ ತಂಗೆವ್ವಾ?” ಅಂದರು ಪಟೇಲರು.

“ನೀವು ಡಬ್ಬೀನ್ನ ಕೇಳಿದ್ರಿ. ನನ್ನ ಕೇಳ್ಲಿಲ್ಲ.”

ಯಾರೋ ಹಿಂದಿನಿಂದ, “ತವರಮನಿಗೆ ಹೋಗಾಕ ಹೇಳ್ತಾಳ” ಅಂದರು. ಹೋಗುವ ಆಸೆ ಇತ್ತು, ಇಲ್ಲವೆನ್ನಲಾರೆ. ಹೊರಗೆ ಬಂದು ತಮ್ಮನ ಚೀಲದಲ್ಲಿ ಕೈಯಿಟ್ಟೆ, ಹಳದಿ ಕೈಯನ್ನು ಹೊಟ್ಟೆಯ ಮೇಲಿಟ್ಟು ಅದೇ ಮಾತು ಇನ್ನೊಮ್ಮೆ ಹೇಳಿದೆ.

ಇವರು ಎದ್ದರು. ಟಗರನ್ನು ಬಿಚ್ಚಿ ತಂದು ಬಂಡಿಯ ಹಿಂದೆ ತಾವೇ ಕಟ್ಟಿದರು. ನನ್ನ ಕಡೆ ನೋಡದೆ ಎರಡು ಹೊರೆ ಹುಲ್ಲು ತಂದು ಬಂಡಿಯೊಳಗೆ ಹರವಿ, ಕೈಯಿಂದ ಒತ್ತಿ ಒತ್ತಿ ನೋಡಿದರು.

“ಕುಲುಕದಂಗ ಹೊಡಿ, ಅಳಿಯಾ” ಅಂದರು.

ಕ್ಯಾಮೆರಾ ಆಮೇಲೂ ಬಹಳ ದಿನ ಮನೆಯಲ್ಲಿತ್ತು. ಊರಲ್ಲಿ ಏನೇ ತಕರಾರು ಬಂದರೂ ಇವರು ಮೊದಲು ನನ್ನನ್ನು ಕೇಳುತ್ತಿದ್ದರು. ನನ್ನ ಉತ್ತರ ಹಿಡಿಸದಿದ್ದಾಗ ಮಾತ್ರ ಆ ಡಬ್ಬಿ ಹೊರಗೆ ತೆಗೆಯುತ್ತಿದ್ದರು.