ಹಗೇವಿನ ಬಾಯಲ್ಲಿ ‘ಆಫ್ಟರ್ ಯೂ’

ಮಧುಗಿರಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ‘ಆಫ್ಟರ್ ಯೂ’ ಅಂದರೆ ‘ನೀವು ಮೊದಲು ನಡೀರಿ, ಆಮೇಲೆ ನಾನು’ ಅನ್ನೋ ಮರ್ಯಾದೆಯ ಮಾತು ಅಂತ ಪ್ರತಿ ವರ್ಷ ಹೇಳಿಕೊಡುತ್ತೇನೆ. ಮನೆಯಲ್ಲಿ ಒಮ್ಮೆ ಹೇಳಿದ್ದೇ ತಡ, ನನ್ನ ಗಂಡ ಅದನ್ನೇ ಹಿಡಿದುಕೊಂಡುಬಿಟ್ಟರು. ಬಚ್ಚಲ ಬಾಗಿಲಲ್ಲೂ ಸೊಂಟ ಬಗ್ಗಿಸಿ ‘ಆಫ್ಟರ್ ಯೂ’. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ, ಬಡವನಹಳ್ಳಿ ಕಡೆಯ ನಮ್ಮೂರಿನ ಮನೆಯಂಗಳಕ್ಕೆ ಸಿಮೆಂಟ್ ಹಾಕಿಸಬೇಕಿತ್ತು. ಅದಕ್ಕೆ ಮೊದಲು ಹಗೇವು ಮುಚ್ಚಬೇಕು. ಮಾವನವರ ಕಾಲದಲ್ಲಿ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ ಅದು. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಎರಡಾಳು ಆಳ. ತಳದಲ್ಲಿ ಮಿಕ್ಕ ರಾಗಿ ತೆಗೆಯೋಣ ಅಂತ ಗಂಡ, ಮೈದುನ ಸೇರಿ ಚಪ್ಪಡಿ ಸರಿಸಿದರು. ಬಿಸಿ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು.

ಒಳಗೆ ಕೆಟ್ಟ ಗಾಳಿ ತುಂಬಿದ್ದರೆ ದೀಪ ಆರುತ್ತದೆ, ಇಳಿದವರ ಉಸಿರೂ ನಿಲ್ಲುತ್ತದೆ. ಅದಕ್ಕೇ ದೀಪ ಇಳಿಸಿ ನೋಡದೆ ಹಗೇವಿಗೆ ಇಳಿಯಬಾರದು ಅನ್ನೋದು ಇಬ್ಬರಿಗೂ ಗೊತ್ತು. ಲಾಟೀನಿಗೆ ಸೀಮೆಎಣ್ಣೆ ಈಗೆಲ್ಲಿದೆ? ಮೈದುನ ಬ್ಯಾಟರಿ ಟಾರ್ಚನ್ನೇ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ.

“ಆರಿಲ್ಲ ಕಣ್ಲಾ, ಚೆನ್ನಾಗಿ ಉರೀತೈತೆ,” ಅಂದರು ಗಂಡ. ಏಣಿ ಇಳಿಸಿ, ತಮ್ಮನಿಗೆ ಸೊಂಟ ಬಗ್ಗಿಸಿ, “ಆಫ್ಟರ್ ಯೂ.”

“ದೊಡ್ಡೋನು ನೀನಿದ್ದೀಯ, ನೀನೇ ಇಳಿಯಣ್ಣ,” ಅಂದ ಮೈದುನ.

“ಆಯ್ತು ಬುಡು,” ಅಂತ ನಗುತ್ತಲೇ ಇವರು ಏಣಿಗೆ ಕಾಲಿಟ್ಟರು.

ಬ್ಯಾಟರಿ ದೀಪ ಆರೋದಾದರೂ ಹೆಂಗೆ? ನನಗೆ ಅದು ಹೊಳೆಯುವಷ್ಟರಲ್ಲಿ ಅವರು ಸೊಂಟದ ತನಕ ಒಳಗಿದ್ದರು. ಓಡಿಹೋಗಿ ಅಂಗಿಯ ಕಾಲರ್ ಹಿಡಿದೆ.

“ಬುಡೇ, ಹರಿದೋಯ್ತದೆ.”

“ಮೇಲೆ ಬನ್ನಿ. ಬರದಿದ್ರೆ ನಿಮ್ಮ ಹಿಂದೆ ನಾನೂ ಇಳೀತೀನಿ.”

ಗೊಣಗುತ್ತ ಬಂದರು. ದೇವರಮನೆಯ ಎಣ್ಣೆದೀಪ ತಂದು, ಬಕೆಟ್ಟಿನಲ್ಲಿಟ್ಟು ಇಳಿಸಿದೆ. ಏಣಿಯ ಅರ್ಧಕ್ಕೂ ಹೋಗಿರಲಿಲ್ಲ, ಯಾರೋ ಚಿವುಟಿದ ಹಾಗೆ ಆರಿಹೋಯಿತು. ಬಕೆಟ್ಟು ಅಲುಗಾಡಿದ್ದಕ್ಕೇನೋ ಅಂತ ಮತ್ತೆ ಹಚ್ಚಿ ಮೈದುನನ ಕೈಗೆ ಕೊಟ್ಟೆ. ಅಲ್ಲೇ ಆರಿತು. ಅದರ ಕೆಳಗೆ ಟಾರ್ಚು ಮಾತ್ರ ನೆಮ್ಮದಿಯಾಗಿ ಉರಿಯುತ್ತಿತ್ತು.

ಮೂವರೂ ಅಂಗಳದಲ್ಲಿ ಕೂತೆವು. ರಾಗಿ ಹಾಳಾಗಲಿ ಅಂತ ಮೇಲಿಂದಲೇ ಮಣ್ಣು ತುಂಬಿಸಿದೆವು.

ಈಗ ತರಗತಿಯಲ್ಲಿ ಆ ಪಾಠ ಬಂದರೆ ಬೇಗ ಮುಗಿಸಿ ಮುಂದಕ್ಕೆ ಹೋಗಿಬಿಡುತ್ತೇನೆ. ನನ್ನ ಗಂಡ ಅಂತೂ ಮನೆಯಲ್ಲಿ ಆ ಮಾತು ಆಡೋದನ್ನೇ ಬಿಟ್ಟರು. ಕರೆಂಟು ಹೋದಾಗ ನನ್ನನ್ನು ತಡೆದು, ತಾವೇ ಮುಂದೆ ಕತ್ತಲೆ ಕೋಣೆಗೆ ಹೋಗುತ್ತಾರೆ. ನಾನು ಹಿಂದಿನಿಂದ ಅವರ ಅಂಗಿ ಹಿಡಿದುಕೊಂಡೇ ಇರುತ್ತೇನೆ.