ಒಂದೂವರೆ ಗಂಟೆ ಹಿಂದಿದ್ದ ಕ್ಯಾಮೆರಾ

ಹೊಸ ಕ್ಯಾಮೆರಾದ ಪೆಟ್ಟಿಗೆ ಬಿಚ್ಚುವಾಗ ಒಂದು ವಾಸನೆ ಬರುತ್ತದೆ. ಥರ್ಮಕೋಲು, ಪ್ಲಾಸ್ಟಿಕ್, ಸ್ವಲ್ಪ ಚಪ್ಪಲಿ ಅಂಗಡಿಯದ್ದೂ ಸೇರಿದ ಹಾಗೆ. ಇಷ್ಟು ವರ್ಷ ಈ ವಾಸನೆಯೇ ನನಗೆ ಅನ್ನ ಹಾಕಿದೆ. ಇವತ್ತು ಬೆಳಿಗ್ಗೆ ಬಿಚ್ಚಿದ ಪೆಟ್ಟಿಗೆ ಮಾತ್ರ ಬೇರೆ ತರದ್ದು. ಮಣಿಪಾಲದಲ್ಲಿ ಬಾಡಿಗೆ ಕೋಣೆಗಳಿರುವ ಒಬ್ಬರು ತರಿಸಿದ್ದು, ಮುಖ ಗುರುತು ಹಿಡಿಯುವ ಕ್ಯಾಮೆರಾ. ಒಮ್ಮೆ ನೋಡಿದ ಮುಖವನ್ನು ಅದು ಮರೆಯುವುದಿಲ್ಲವಂತೆ.

"ಇನ್ನು ಟೆರರಿಸ್ಟ್ ಬಂದು ಕೋಣೆ ಕೇಳಿದರೂ ಗೊತ್ತಾಗ್ತದೆ, ಅಲ್ವಾ?" ಎಂದು ಅವರು ಕೇಳಿದ್ದರು.

"ಅವನು ಟೆರರಿಸ್ಟ್ ಅಂತ ಅದಕ್ಕೆ ಮೊದಲು ಯಾರಾದರೂ ಹೇಳಿಕೊಡಬೇಕು" ಎಂದೆ.

ಅವರಿಗೆ ಆ ಮಾತು ಹಿಡಿಸಲಿಲ್ಲ. ಕೆಲವು ವರ್ಷದ ಹಿಂದಾದರೆ ನನಗೂ ಹಿಡಿಸುತ್ತಿರಲಿಲ್ಲ. ಗುಜರಿಯ ಹಸನಾಕನ ವಿಷಯ ನಡೆದ ಮೇಲೆ ಇಂಥ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ.

ನನ್ನ ಅಂಗಡಿ ಪರ್ಕಳದಲ್ಲಿ. ಓದಿದ್ದು ಎಂಟನೆಯ ಕ್ಲಾಸು, ಅದೂ ಪೂರ್ತಿ ಅಲ್ಲ. ವಯರಿಂಗ್ ಮೇಸ್ತ್ರಿಯ ಕೈಕೆಳಗೆ ಗೋಡೆ ಕೊರೆದು, ಏಣಿ ಹೊತ್ತು ಕೆಲಸ ಕಲಿತವನು. ಆದರೂ ಕಾರ್ಡಿನಲ್ಲಿ ‘ಸೆಕ್ಯೂರಿಟಿ ಕನ್ಸಲ್ಟೆಂಟ್’ ಎಂದು ಅಚ್ಚು ಹಾಕಿಸಿದ್ದೇನೆ. ಸರ್ಟಿಫಿಕೇಟ್ ಎಲ್ಲಿ ಎಂದು ಈವರೆಗೆ ಯಾರೂ ಕೇಳಿಲ್ಲ. ಕೇಳಿದರೆ, ಕಾಪುವಿನಿಂದ ಕಾರ್ಕಳದ ತನಕ ನಾನು ಹಾಕಿದ ಕ್ಯಾಮೆರಾಗಳನ್ನು ತೋರಿಸುತ್ತೇನೆ. ಈ ಕೆಲಸ ಸುಲಭ ಎಂದುಕೊಳ್ಳಬೇಡಿ. ಸಮುದ್ರದ ಉಪ್ಪುಗಾಳಿಗೆ ವಯರಿನ ಪಿನ್ನುಗಳು ಹಸಿರುಗಟ್ಟುತ್ತವೆ. ರೆಕಾರ್ಡಿಂಗ್ ಪೆಟ್ಟಿಗೆ ಬೆಚ್ಚಗಿರುತ್ತದೆ ಎಂದು ಹಲ್ಲಿ ಒಳಗೆ ಹೋಗಿ ಮೊಟ್ಟೆ ಇಡುತ್ತದೆ. ಇಂಥ ಊರಿನಲ್ಲಿ ಒಂದು ಕ್ಯಾಮೆರಾ ಐದು ವರ್ಷ ಬಾಳಿದರೆ ಅದು ಹಾಕಿದವನ ಕೈಗುಣ. ಹೊಗಳಿಕೊಳ್ಳುತ್ತಿದ್ದೇನೆ ಅಂತ ನಿಮಗೆ ಅನಿಸಬಹುದು. ಹೌದು, ಹೊಗಳಿಕೊಳ್ಳುತ್ತಿದ್ದೇನೆ.

ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಗಲ್ಫಿನಲ್ಲಿರುವವರು. ಅವರಿಗೆ ಕಳ್ಳರ ಭಯಕ್ಕಿಂತ ಊರು ನೋಡುವ ಆಸೆ ಹೆಚ್ಚು. ಉಚ್ಚಿಲದಲ್ಲಿ ಹೆದ್ದಾರಿ ಪಕ್ಕ ನಾಲ್ಕು ಅಂಗಡಿಗಳ ಕಟ್ಟಡ ಕಟ್ಟಿಸಿದ ಸುಧಾಕರಣ್ಣ ದುಬೈಯಲ್ಲಿ ಕೂತು ಗುಡಿಸುವ ಹೆಂಗಸನ್ನು ನೋಡುತ್ತಿದ್ದರು. "ಅಕ್ಕಾ, ಎಡಗಡೆ ಮೂಲೆ ಬಿಟ್ಟಿದ್ದೀರಿ" ಎಂದು ಅಲ್ಲಿಂದಲೇ ಫೋನು. ಅವಳು ಪೊರಕೆ ಎತ್ತಿ ಕ್ಯಾಮೆರಾಕ್ಕೆ ತೋರಿಸಿದಳಂತೆ. ಅದನ್ನೂ ಅವರೇ ನಗುತ್ತಾ ಹೇಳಿದ್ದು.

ಆ ಕಟ್ಟಡದ ರೆಕಾರ್ಡಿಂಗ್ ಪೆಟ್ಟಿಗೆಯನ್ನು ಅವರು ದುಬೈಯಿಂದಲೇ ತಂದಿದ್ದರು. ನಾನು ಗಂಟೆ ಸರಿ ಮಾಡಲು ಹೋದಾಗ ತಡೆದರು.

"ಅದು ದುಬೈ ಟೈಮಿನಲ್ಲೇ ಇರಲಿ ಮಾರಾಯ. ನೋಡುವವನು ನಾನಲ್ವಾ? ಪ್ರತಿ ಸಲ ಲೆಕ್ಕ ಹಾಕಲಿಕ್ಕೆ ಎಂತಕ್ಕೆ?"

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೇಳಿದ್ದು ಕಟ್ಟಡದ ಯಜಮಾನರು, ಬಿಟ್ಟೆ. ಆಮೇಲೆ ಮರೆತೆ.

ಎರಡು ವರ್ಷ ಕಳೆದಿರಬೇಕು. ದೂರದ ಯಾವುದೋ ಪಟ್ಟಣದಲ್ಲಿ ಸ್ಫೋಟವಾಗಿತ್ತು, ಎಲ್ಲ ಕಡೆ ತಪಾಸಣೆ ನಡೆಯುತ್ತಿತ್ತು. ಆಗ ಒಂದು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ, ರೈಲು ನಿಲ್ದಾಣದಲ್ಲಿ ಬಾಂಬ್ ಇದೆ ಎಂದು ಯಾರೋ ಫೋನು ಮಾಡಿದರು. ಬಾಂಬ್ ಇರಲಿಲ್ಲ. ಫೋನಿನ ಸಿಮ್ ಯಾರದೋ ಕಳೆದುಹೋದದ್ದು. ಕರೆ ಮಾತ್ರ ಉಚ್ಚಿಲದಿಂದ ಹೋಗಿತ್ತು.

ಮಂಗಳವಾರ ಹತ್ತು ಗಂಟೆಗೆ ಎಸ್ಸೈ ಸುಧಾಕರಣ್ಣನ ಕಟ್ಟಡಕ್ಕೆ ಬಂದರು. ಪೆಟ್ಟಿಗೆ ತೆರೆಯಲು ನನ್ನನ್ನು ಕರೆಸಿದರು. ಪೊಲೀಸ್ ಜೀಪಿನ ಪಕ್ಕ ನಿಂತು, ನಾಲ್ಕು ಜನ ನೋಡುವಾಗ, ಮೌಸ್ ಹಿಡಿಯುವುದೆಂದರೆ ಸಣ್ಣ ಮರ್ಯಾದೆಯಲ್ಲ.

"ನಿನ್ನೆ ಒಂಬತ್ತರಿಂದ ಒಂಬತ್ತೂವರೆ ತೆಗಿ" ಎಂದರು.

ತೆಗೆದೆ. ಪರದೆಯ ಮೂಲೆಯಲ್ಲಿ ಆಗಿನ ಗಂಟೆಯೂ ಕಾಣುತ್ತದೆ. ಅದರಲ್ಲಿ ಎಂಟೂವರೆ ಎಂದು ಇದ್ದಿರಲೇಬೇಕು. ನಾನು ನೋಡಲಿಲ್ಲ. ನೋಡಿದ್ದು ಒಂಬತ್ತು ಐದಕ್ಕೆ ಸರಿಯಾಗಿ ಸ್ಕೂಟರ್ ನಿಲ್ಲಿಸಿ, ಹಿಂದೆ ಒಂದು ಗೋಣಿಚೀಲ ಕಟ್ಟಿಕೊಂಡು, ಫೋನಿನಲ್ಲಿ ಮಾತಾಡುತ್ತಿದ್ದ ಅರ್ಧ ನರೆತ ಗಡ್ಡದ ಮನುಷ್ಯನನ್ನು.

"ಯಾರಿದು?" ಎಂದರು ಎಸ್ಸೈ.

"ಇವರು ನಮ್ಮ ಹಸನಾಕ ಸಾರ್. ಗುಜರಿ ವ್ಯಾಪಾರ. ಮನೆ ಇಲ್ಲೇ ಕಾಪು ಹತ್ತಿರ."

ಮುಖ ಗುರುತು ಹಿಡಿಯುವ ಕ್ಯಾಮೆರಾ ಆಗ ನಮ್ಮ ಕಡೆ ಬಂದಿರಲಿಲ್ಲ. ಆ ಕೆಲಸ ನಾನೇ ಮಾಡಿಕೊಟ್ಟೆ.

"ಟೈಮು ಸರಿ ಉಂಟಲ್ವಾ?"

"ನಾನು ಹಾಕಿದ ಕ್ಯಾಮೆರಾ ಸಾರ್. ಸುಳ್ಳು ಹೇಳುವುದಿಲ್ಲ."

ಹಸನಾಕ ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬಂದು ಸತ್ತ ಬ್ಯಾಟರಿ, ತುಂಡು ವಯರು ಒಯ್ಯುವವರು. ಅವರನ್ನು ಆ ಮಧ್ಯಾಹ್ನವೇ ಠಾಣೆಗೆ ಕರೆದೊಯ್ದರು. ಸೋಮವಾರ ಒಂಬತ್ತು ಗಂಟೆಗೆ ತಾನು ಪೆರ್ಡೂರಿನಲ್ಲಿ ಗುಜರಿ ಹೆಕ್ಕುತ್ತಿದ್ದೆ, ಉಚ್ಚಿಲ ದಾಟುವಾಗ ಹತ್ತೂವರೆ ಕಳೆದಿತ್ತು ಎಂದರಂತೆ. ಕ್ಯಾಮೆರಾ ಬೇರೆ ಹೇಳುತ್ತಿತ್ತು. ಸುಳ್ಳು ಹೇಳುವವನು ಯಾಕೆ ಸುಳ್ಳು ಹೇಳುತ್ತಾನೆ ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ.

ಸಂಜೆ ಅವರ ಹೆಂಡತಿ ನಫೀಸಾ ನನಗೆ ಫೋನು ಮಾಡಿದರು.

"ಅಣ್ಣಾ, ನಿಮ್ಮ ಕ್ಯಾಮೆರಾದಲ್ಲಿ ಇವರು ಉಂಟು ಅಂತ ಹೇಳ್ತಾರೆ. ಇವರು ಪೆರ್ಡೂರಿಗೆ ಹೋದದ್ದು ನನಗೆ ಗೊತ್ತುಂಟು. ಬುತ್ತಿ ಕಟ್ಟಿ ಕೊಟ್ಟದ್ದು ನಾನೇ. ಬೆಂಗಳೂರಿನಿಂದ ದೊಡ್ಡವರು ಬರ್ತಾರಂತೆ, ಕರಕೊಂಡು ಹೋಗ್ತಾರಂತೆ. ಅಲ್ಲಿಗೆ ಹೋದರೆ ಯಾವಾಗ ಬಿಡುವುದು ಅಂತ ಯಾರೂ ಹೇಳುವುದಿಲ್ಲ. ನೀವೊಮ್ಮೆ ಸರಿಯಾಗಿ ನೋಡಿ ಅಣ್ಣಾ."

"ಕ್ಯಾಮೆರಾದಲ್ಲಿ ಇದ್ದದ್ದು ಇದ್ದ ಹಾಗೆ. ನಾನು ಎಂತ ಮಾಡುವುದು?" ಎಂದೆ.

ಈ ಮಾತನ್ನು ಇಲ್ಲಿ ಬರೆಯದಿದ್ದರೂ ನಡೆಯುತ್ತಿತ್ತು. ನಿಮಗೆ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಫೋನು ಇಟ್ಟ ಮೇಲೆ ನಾನೂ ಸಂಶಯಪಟ್ಟೆ. ಇಷ್ಟು ವರ್ಷದಿಂದ ಬರುತ್ತಾರೆ, ಹಳೆಯ ಬ್ಯಾಟರಿ ಎಲ್ಲ ಒಯ್ದು ಎಂತ ಮಾಡುತ್ತಾರೋ ಎಂದು. ಕರಗಿಸಿ ಸೀಸ ತೆಗೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಆದರೂ ಯೋಚನೆ ಬಂತು.

ಬುಧವಾರ ಬೆಳಿಗ್ಗೆ ಸುಧಾಕರಣ್ಣನ ಫೋನು.

"ಎಂತ ಮಾರಾಯ, ನನ್ನ ಕಟ್ಟಡಕ್ಕೆ ಪೊಲೀಸ್? ನಿನ್ನೆ ಎಂಟೂವರೆಗೆ ಚಾ ಕುಡಿಯುತ್ತಾ ನೋಡಿದೆ, ಜೀಪು ನಿಂತಿದೆ!"

"ಎಂಟೂವರೆಗೆ ಅಲ್ಲ ಸುಧಾಕರಣ್ಣ, ಹತ್ತಕ್ಕೆ."

"ನಿನಗೆ ಹತ್ತು. ನನಗೆ ಎಂಟೂವರೆ."

ನಾನು ಫೋನು ಕೈಯಲ್ಲಿ ಹಿಡಿದೇ ಸ್ಟೂಲಿನ ಮೇಲೆ ಕೂತೆ. ಪೆಟ್ಟಿಗೆಯ ಒಂಬತ್ತು ಐದು ಎಂದರೆ ಊರಿನ ಹತ್ತು ಮೂವತ್ತೈದು. ಹಸನಾಕ ಹೇಳಿದ್ದು ನಿಮಿಷ ತಪ್ಪದೆ ಸರಿ.

ಠಾಣೆಗೆ ಹೋಗಲು ಹತ್ತು ನಿಮಿಷ ಯೋಚಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪೇಟೆಯ ಸರ್ಕಲುಗಳಿಗೆ ಕ್ಯಾಮೆರಾ ಹಾಕುವ ಕೆಲಸ ನನಗೇ ಸಿಗುವ ಮಾತಿತ್ತು. ಗಂಟೆ ಸರಿ ಇಡಲು ಬಾರದವನಿಗೆ ಯಾರು ಕೊಡುತ್ತಾರೆ? ಕಡೆಗೆ ನಫೀಸಾ ಹೇಳಿದ ಬೆಂಗಳೂರಿನ ಮಾತು ನೆನಪಾಗಿ ಬೈಕ್ ತೆಗೆದೆ.

ಎಸ್ಸೈ ಪೂರ್ತಿ ಕೇಳಿಸಿಕೊಂಡರು.

"ನಿನ್ನೆ ಸುಳ್ಳು ಹೇಳುವುದಿಲ್ಲ ಅಂದೆ. ಇವತ್ತು ಹೇಳ್ತದೆ ಅಂತೀಯ. ನಿನಗೆ ಅವನ ಪರಿಚಯ ಉಂಟಲ್ವಾ?"

"ಉಂಟು ಸಾರ್. ಅದಕ್ಕೇ ಹೆಸರು ಹೇಳಿದ್ದು ನಾನು."

"ಅವನ ಕಡೆಯವರು ಎಂತಾದರೂ ಹೇಳಿ ಕಳಿಸಿದರಾ?"

"ಇಲ್ಲ ಸಾರ್. ದುಬೈಯವರು ಹೇಳಿದ್ದು." ಹೇಳಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ ಎಂದು ಹೊಳೆಯಿತು. "ಕಟ್ಟಡದ ಯಜಮಾನರು ಸಾರ್, ಸುಧಾಕರಣ್ಣ."

ಅವರು ಕೆಟ್ಟವರಲ್ಲ. ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿದ ಮುಖವೂ ಅಲ್ಲ. "ಮೇಲಿನಿಂದ ಗಂಟೆಗೊಂದು ಫೋನು ಬರ್ತದೆ. ನಾನು ನಿಧಾನ ಮಾಡಿ, ನಾಳೆ ನಿಜವಾಗಿ ಒಂದು ಸಿಡಿದರೆ ನೀನು ಬಂದು ಉತ್ತರ ಕೊಡ್ತೀಯಾ?" ಎಂದರು. ಸಾವಿರ ಜನ ರೈಲು ಹತ್ತುವ ಜಾಗ ಕಾಯುವವರಿಗೆ ಕಣ್ಣು ಬೇಕು. ಆ ಕಣ್ಣು ಮಾರಿಯೇ ನಾನು ಮನೆ ಕಟ್ಟಿದ್ದು. ಆದರೆ ಆ ದಿನ ಠಾಣೆಯಲ್ಲಿ ಹಸನಾಕನ ಮಾತೂ ಇತ್ತು, ಪೆಟ್ಟಿಗೆಯ ಮಾತೂ ಇತ್ತು. ಪೆಟ್ಟಿಗೆಯನ್ನು ಮಾತ್ರ ಯಾರೂ ಎದುರು ಕೂರಿಸಿ ಪ್ರಶ್ನೆ ಕೇಳಲಿಲ್ಲ.

ಬರೆದು ಕೊಡು ಎಂದರು. ಎಂಟನೆಯ ಕ್ಲಾಸಿನ ಅಕ್ಷರದಲ್ಲಿ, ತಪ್ಪು ನನ್ನದು ಎಂದು ಒಂದು ಪುಟ ಬರೆದೆ. ಆಮೇಲೆ ಎಲ್ಲರೂ ಉಚ್ಚಿಲಕ್ಕೆ ಹೋದೆವು. ಎಸ್ಸೈ ತಮ್ಮ ವಾಚನ್ನು ಪರದೆಯ ಪಕ್ಕ ಹಿಡಿದು ನೋಡಿದರು, ಇನ್ನೊಮ್ಮೆ ನೋಡಿದರು. "ಸೋಮವಾರದ ಏಳೂವರೆ ತೆಗಿ" ಎಂದರು. ಪೆಟ್ಟಿಗೆಯ ಏಳು ಮೂವತ್ತೈದಕ್ಕೆ, ಅಂದರೆ ಊರಿನ ಒಂಬತ್ತು ಐದಕ್ಕೆ, ಬಸ್ ಸ್ಟಾಪಿನ ಹಿಂದೆ ಹೆಲ್ಮೆಟ್ ತೆಗೆಯದೆ ಫೋನು ಹಿಡಿದವನೊಬ್ಬ ನಿಂತಿದ್ದ. ಬೈಕಿನ ನಂಬರು ಚೆಂದವಾಗಿ ಕಾಣುತ್ತಿತ್ತು. ಅದೇ ಪೆಟ್ಟಿಗೆ, ಅದೇ ಕ್ಯಾಮೆರಾ. ವಾರದೊಳಗೆ ಅವನು ಸಿಕ್ಕಿಬಿದ್ದ.

ಹಸನಾಕನನ್ನು ಸಂಜೆ ಬಿಟ್ಟರು. ಕೇಸಿಲ್ಲ, ಕಾಗದವಿಲ್ಲ, ಹಾಗಾಗಿ ಒಂದು ರಾತ್ರಿ, ಎರಡು ಹಗಲು ಅವರು ಅಲ್ಲಿದ್ದರು ಎಂಬುದಕ್ಕೂ ಏನೂ ಗುರುತಿಲ್ಲ. ಮುಂದಿನ ತಿಂಗಳು ಅಂಗಡಿಗೆ ಬಂದಾಗ ನಾನು ಮಾತು ಹುಡುಕುತ್ತಿದ್ದೆ. ಅವರೇ ಶುರು ಮಾಡಿದರು.

"ನಿಮ್ಮ ಕ್ಯಾಮೆರಾ ಒಳ್ಳೆಯದು ಮಾರಾಯ್ರೆ. ಸಾಹೇಬರು ನನಗೆ ತೋರಿಸಿದರು. ಮದುವೆಯ ಫೋಟೋದಲ್ಲೂ ನನ್ನ ಮುಖ ಅಷ್ಟು ಚೆಂದ ಬಂದಿಲ್ಲ."

ಸರ್ಕಲುಗಳ ಕೆಲಸ ನನಗೆ ಸಿಗಲಿಲ್ಲ. ಈಗ ಯಾರೇ ರೆಕಾರ್ಡಿಂಗ್ ಕೇಳಿದರೂ ಪೆನ್‌ಡ್ರೈವಿನ ಜೊತೆ ಒಂದು ಚೀಟಿ ಕೊಡುತ್ತೇನೆ: ಪೆಟ್ಟಿಗೆಯ ಗಂಟೆ ಇಷ್ಟು, ನನ್ನ ವಾಚಿನ ಗಂಟೆ ಇಷ್ಟು, ಕೆಳಗೆ ಸಹಿ. "ಇದನ್ನು ಯಾರು ಕೇಳಿದ್ದು?" ಎನ್ನುತ್ತಾರೆ. ಯಾರೂ ಕೇಳುವುದಿಲ್ಲ ಎಂದೇ ಕೊಡುವುದು.

ಇವತ್ತು ಆ ಹೊಸ ಪೆಟ್ಟಿಗೆಯ ಮುಂದೆ ಕೂತು ಇದನ್ನೆಲ್ಲ ನೆನೆಯುತ್ತಿರುವಾಗಲೇ ಹಸನಾಕ ಬಂದರು. ಈಗ ಗಡ್ಡ ಪೂರ್ತಿ ಬಿಳಿ. ಅಂಗಡಿಯ ಮೆಟ್ಟಿಲಲ್ಲಿ ನಿಂತು ಬ್ಯಾಟರಿಗಳನ್ನು ಗೋಣಿಗೆ ತುಂಬುವಾಗ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿದರು. ಮತ್ತೊಮ್ಮೆ ಬಂತು. ಆಗಲೂ ಎತ್ತಲಿಲ್ಲ.

"ಯಾರದು ಹಸನಾಕ?"

"ನಫೀಸಾ. ಮಗಳಿಗೆ ಇವತ್ತು ಹೆರಿಗೆ, ಆಸ್ಪತ್ರೆಯಲ್ಲಿದ್ದಾಳೆ."

"ಮತ್ತೆ ಎತ್ತಿ ಮಾತಾಡಿ!"

"ಮನೆಗೆ ಹೋಗಿ ಮಾತಾಡ್ತೇನೆ." ಗೋಣಿಯ ಬಾಯಿ ಕಟ್ಟುತ್ತಾ ಹೇಳಿದರು. "ರಸ್ತೆಯಲ್ಲಿ ಈಗ ಫೋನು ಎತ್ತುವುದಿಲ್ಲ ನಾನು."

ಪರ್ಕಳದಿಂದ ಕಾಪುವಿಗೆ ಆ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನನ್ನ ಅಂಗಡಿಯಲ್ಲಿ ಮಾದರಿಗೆಂದು ಮೂರು ಕ್ಯಾಮೆರಾಗಳು ಸದಾ ಓಡುತ್ತಿರುತ್ತವೆ. ಹಿಂದಿನ ಗೋಡೌನಿನಲ್ಲಿ ಮಾತ್ರ ಒಂದೂ ಇಲ್ಲ. ಅದರ ಬಾಗಿಲು ತೆಗೆದು, ವಯರಿನ ಕಟ್ಟುಗಳನ್ನು ಸರಿಸಿ, ಅವರಿಗೆ ಸ್ಟೂಲು ಇಟ್ಟೆ. ಅವರು ನಾಲ್ಕೂ ಮೂಲೆಗೆ ಕಣ್ಣು ಹಾಯಿಸಿದರು. ಆಮೇಲೆ ಫೋನು ತೆಗೆದರು.

ನಾನು ಬಾಗಿಲು ಎಳೆದುಕೊಂಡು ರಸ್ತೆಗೆ ಬಂದು ನಿಂತೆ.