ಎಲ್ಲಾರಿಗೂ ಆಗೂವಷ್ಟು

ನಮ್ಮ ದೊಡ್ಡವ್ವ ಮಕ್ಕಳಿಗೆ ಏನಾದರೂ ತರಲು ಹೇಳುವಾಗ ಇಷ್ಟೇ ತಾ ಎಂದು ಎಣಿಸಿ ಹೇಳಿದವಳಲ್ಲ. ‘ಎಲ್ಲಾರಿಗೂ ಆಗೂವಷ್ಟು ತಾ’ ಅನ್ನುವಳು. ಊಟದ ಗಂಗಾಳವಾಗಲಿ, ಚಹಾದ ಬಟ್ಟಲಾಗಲಿ, ಎಷ್ಟು ಬೇಕೆಂಬುದನ್ನು ಮಕ್ಕಳೇ ಕೂತವರನ್ನು ನೋಡಿ ತಿಳಿಯಬೇಕು. ಆಕೆ ಅಪ್ಪನ ಅಣ್ಣನ ಹೆಂಡತಿ, ನನ್ನ ಮಗಳಿಗೆ ಆಯಿ. ಗಂಡ ತೀರಿದ ಮೇಲೆ ಮಸೂತಿ ಊರಿನ ನಮ್ಮ ಮನೆಯಲ್ಲೇ ಇದ್ದಳು. ಮಾತು ಬಿರುಸು, ಕೈ ಮೆತ್ತಗೆ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಡಿಸಿದ್ದು ಬಡತನವಲ್ಲ, ಲೆಕ್ಕ. ಹಲಗೆಯ ಮೇಲೆ ಅಂಕಿ ಕಾಣುತ್ತಿತ್ತು, ಅದು ಯಾತರ ಅಂಕಿ ಎಂಬುದು ಕಾಣುತ್ತಿರಲಿಲ್ಲ. ಮುಂದೆ ಗವಂಡಿಯಾಗಿ ಕಲ್ಲು, ಇಟ್ಟಿಗೆ ಮುಟ್ಟಿದ ಮೇಲೆ ಆ ಲೆಕ್ಕ ತಾನಾಗಿ ಬಂತು. ನಾನು ಕಟ್ಟಿದ ಗೋಡೆ ಇವತ್ತಿಗೂ ಒಂದೂ ವಾಲಿಲ್ಲ. ಆದರೂ ಮಗಳು ಪಲ್ಲವಿ ನನ್ನ ಹಾಗೆ ಶಾಲೆ ಬಿಟ್ಟಾಳೆಂಬ ಅಂಜಿಕೆ ಒಳಗೇ ಇತ್ತು. ಅದಕ್ಕೇ ಚಿಕ್ಕಂದಿನಲ್ಲೇ ನೂರರವರೆಗೆ ಬಾಯಿಪಾಠ ಮಾಡಿಸಿ, ಮನೆಗೆ ಬಂದವರ ಮುಂದೆಲ್ಲ ಹೇಳಿಸುತ್ತಿದ್ದೆ.

ಒಂದು ದಿನ ನನ್ನ ಹೆಂಡತಿ ಮೂರು ಉಳ್ಳಾಗಡ್ಡಿ ತರಲು ಹೇಳಿದರೆ, ಮಗು ಉಡಿ ತುಂಬ ತಂದು ಸುರುವಿತು. ದೊಡ್ಡವ್ವ ನನ್ನ ಕಡೆ ತಿರುಗಿದಳು.

“ನಿನ್ನ ಮಗಳಿಗೆ ಹಾಡು ಬರತೈತೋ ತಮ್ಮಾ. ಲೆಕ್ಕ ಬಂದಿಲ್ಲ.”

ನನಗೆ ಆ ಮಾತು ನಾಟಿತು. ಎರಡು ದಿನ ಆಕೆಯೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಆಕೆ ಮಾತ್ರ ಊಟಕ್ಕೆ ಗಂಗಾಳ ಇಡುವ ಕೆಲಸವನ್ನು ಪಲ್ಲವಿಗೆ ಒಪ್ಪಿಸಿಬಿಟ್ಟಳು. ಮಗು ಒಬ್ಬೊಬ್ಬರ ಬೆನ್ನು ಮುಟ್ಟಿ ಬಂದು, ಒಳಗೆ ಹೋಗಿ ಗಂಗಾಳ ತರುವುದು. ಕೆಲವು ಸಲ ಹೆಚ್ಚು, ಕೆಲವು ಸಲ ಕಡಿಮೆ. ಯಾರೂ ತಿದ್ದಬಾರದೆಂಬುದು ದೊಡ್ಡವ್ವನ ಕಟ್ಟಪ್ಪಣೆ.

ಮನಗೂಳಿಯಿಂದ ಗುತ್ತಿಗೆದಾರರೊಬ್ಬರು ಕೆಲಸ ಮಾತಾಡಲು ಬಂದು ಊಟಕ್ಕೆ ಕೂತ ದಿನ, ಅವರ ಮುಂದೆಯೇ ಗಂಗಾಳ ಇಲ್ಲ. ನಾನು ಗಡಬಡಿಸಿ ಎದ್ದೆ.

“ಕೂಡು. ಆಕೀನ ನೋಡ್ಲಿ,” ಎಂದಳು ದೊಡ್ಡವ್ವ.

ದೊಡ್ಡ ಮನುಷ್ಯರು ಏನಂದುಕೊಂಡಾರು ಎಂದು ನಾನು ಪಿಸುಗುಟ್ಟಿದೆ.

“ಉಣ್ಣಾಕ ಬಂದಾರ, ಓಡಿ ಹೋಗಂಗಿಲ್ಲ.”

ಅದು ಅವರಿಗೂ ಕೇಳಿಸಿ, ನಕ್ಕು ಕೈಕಟ್ಟಿ ಕೂತರು. ಪಲ್ಲವಿ ಸಾಲಿನ ಈ ತುದಿಯಿಂದ ನೋಡುತ್ತ ಬಂದು, ಅವರ ಮುಂದೆ ನಿಂತಳು. ಒಳಗೆ ಓಡಿ ಒಂದೇ ಒಂದು ಗಂಗಾಳ ತಂದಳು. ದೊಡ್ಡವ್ವ ಭೇಷ್ ಅನ್ನಲಿಲ್ಲ. ಝುಣಕದ ಪಾತೇಲಿ ಎತ್ತಿಕೊಂಡು ಬಡಿಸುತ್ತ ಹೋದಳು.

ಹೋದ ವರ್ಷ ಆಕೆ ಹಾಸಿಗೆ ಹಿಡಿದಳು. ಮುಂಜಾನೆ ಅರ್ಧ, ರಾತ್ರಿ ಅರ್ಧ ಗುಳಿಗೆ. ಎರಡನೇ ಇಯತ್ತೆಗೆ ಬಂದಿದ್ದ ಪಲ್ಲವಿ ಯಾರೂ ಕೇಳದೆಯೇ ಗೋಡೆಯ ಮಾಡದಲ್ಲಿದ್ದ ಪಾಕೀಟು ತೆಗೆದು ನೋಡಿ, “ಅಪ್ಪಾ, ದಿನಾ ಒಂದು ತೀರತೈತಿ. ಆಯಿಗೆ ಇವು ಸಂತಿ ತನಕಾ ಸಾಲಂಗಿಲ್ಲ,” ಎಂದಳು. ಅರ್ಧ ಅರ್ಧ ಕೂಡಿಸುವುದನ್ನು ನಾನಂತೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವ್ವ ಕಣ್ಣು ತೆರೆದು ನನ್ನನ್ನೇ ನೋಡಿದಳು. “ಇಕಿ ಸಾಲಿ ಬಿಡಂಗಿಲ್ಲ. ಅಂಜಬ್ಯಾಡ.”

ಆಕೆ ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ಸಂಜೆಗೇ ಬಾಗೇವಾಡಿಗೆ ಹೋಗಿ ಗುಳಿಗೆ ತಂದೆ. ಆ ಹೊಸ ಪಾಕೀಟು ಒಡೆಯುವ ಪ್ರಸಂಗವೇ ಬರಲಿಲ್ಲ. ಹಳೆಯದರಲ್ಲೂ ಒಂದು ಅರ್ಧ ಉಳಿಯಿತು.